ಎಲ್‌ಎಲ್‌ವಿಎಂ-ಎಂಸಿಎ: ಶೆಡ್ಯೂಲಿಂಗ್ ನೋಡಲು ಸೊಗಸು, ಸ್ಪಿಲ್ ಬಂದರೆ ಹುಷಾರು

ಕಂಪೈಲರ್ ಬ್ಯಾಕೆಂಡ್, ಅಂದರೆ ಪ್ರೊಸೆಸರ್‌ಗೆ ಕೋಡ್ ಬರೆದುಕೊಡುವ ಕೊನೆಯ ಭಾಗ, ಅದರ ಕೆಲಸದಲ್ಲಿ ನಾನು ದಿನಾ ಬಳಸುವ ಟೂಲ್ ಎಲ್‌ಎಲ್‌ವಿಎಂ-ಎಂಸಿಎ (ಚಿಕ್ಕದಾಗಿ ಎಂಸಿಎ). ಅಸೆಂಬ್ಲಿ ತುಣುಕು ಕೊಟ್ಟು ಯಾವ ಪ್ರೊಸೆಸರ್ ಎಂದು ಹೇಳಿದರೆ ಸಾಕು. ಕೋಡ್ ಓಡಿಸದೆಯೇ, ಎಷ್ಟು ಸೈಕಲ್ ಹಿಡಿಯುತ್ತದೆ, ಯಾವ ಇನ್‌ಸ್ಟ್ರಕ್ಷನ್ ಯಾರಿಗಾಗಿ ಕಾಯುತ್ತಿದೆ ಎಂದು ಬಿಡಿಸಿ ತೋರಿಸುತ್ತದೆ. ಆ ಪ್ರೊಸೆಸರ್ ನಿಮ್ಮ ಹತ್ತಿರ ಇರಲೇಬೇಕು ಅಂತಲೂ ಇಲ್ಲ. ಸೋನಿಯ ಎಂಜಿನಿಯರ್‌ಗಳು ತಮ್ಮ ಕೆಲಸಕ್ಕೆ ಕಟ್ಟಿಕೊಂಡಿದ್ದನ್ನು 2018ರಲ್ಲಿ ಎಲ್‌ಎಲ್‌ವಿಎಂ ಎಂಬ ಮುಕ್ತ ಕಂಪೈಲರ್ ಯೋಜನೆಗೆ ಕೊಟ್ಟರು. ಅಂದಿನಿಂದ ಎಲ್‌ಎಲ್‌ವಿಎಂ ಜೊತೆಗೇ ಪುಕ್ಕಟೆಯಾಗಿ ಬರುತ್ತದೆ. ಇಂಥದ್ದೇ ಕೆಲಸ ಮಾಡುತ್ತಿದ್ದ ತನ್ನ ಐಎಸಿಎ ಟೂಲನ್ನು ಇಂಟೆಲ್ 2019ರಲ್ಲಿ ನಿಲ್ಲಿಸಿದ ಮೇಲೆ ತುಂಬಾ ಜನ ಇದರ ಕಡೆಗೇ ಬಂದರು.

ಇದು ನನಗೆ ಇಷ್ಟವಾಗಲು ಮುಖ್ಯ ಕಾರಣ ಒಂದೇ. ಕಂಪೈಲರ್‌ನ ಶೆಡ್ಯೂಲರ್ ಯಾವ ಟೇಬಲ್ ನೋಡಿ ಇನ್‌ಸ್ಟ್ರಕ್ಷನ್‌ಗಳನ್ನು ಹಿಂದೆ ಮುಂದೆ ಮಾಡುತ್ತದೋ, ಅದೇ ಟೇಬಲ್ ನೋಡಿ ಎಂಸಿಎ ಲೆಕ್ಕ ಹಾಕುತ್ತದೆ. ಪ್ರತಿ ಇನ್‌ಸ್ಟ್ರಕ್ಷನ್‌ನ ಲೇಟೆನ್ಸಿ (ಫಲಿತಾಂಶ ಬರಲು ಹಿಡಿಯುವ ಸೈಕಲ್) ಎಷ್ಟು, ಪ್ರೊಸೆಸರ್ ಒಳಗೆ ಅದನ್ನು ನಡೆಸುವ ಯಾವ ಪೋರ್ಟ್‌ಗೆ ಹೋಗುತ್ತದೆ, ಒಂದು ಸೈಕಲ್‌ಗೆ ಎಷ್ಟು ಹೊರಡಬಹುದು, ಎಲ್ಲ ಅದರಲ್ಲಿದೆ. ಹಾಗಾಗಿ "ಶೆಡ್ಯೂಲರ್ ಯಾಕೆ ಹೀಗೆ ಮಾಡಿತು" ಎನ್ನುವ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ.

ಒಂದು ಉದಾಹರಣೆ ನೋಡೋಣ. ಫ್ಲೋಟ್ ಅರೇಯ ಮೊತ್ತ ಹಾಕುವ ಲೂಪ್, ಒಂದೇ ಅಕ್ಯುಮುಲೇಟರ್ (ಮೊತ್ತ ಕೂಡಿಡುವ ರಿಜಿಸ್ಟರ್, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಜಾಗ). ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್ ಎಂದು ಹೇಳಿ ಎಂಸಿಎಗೆ ಕೊಡಿ. ಅದು ಲೂಪನ್ನು 100 ಸಲ ಸುತ್ತಿದಂತೆ ಲೆಕ್ಕ ಹಾಕಿ, 400 ಸೈಕಲ್‌ಗಿಂತ ಸ್ವಲ್ಪ ಜಾಸ್ತಿ ಎನ್ನುತ್ತದೆ. ಪೋರ್ಟ್‌ಗಳನ್ನಷ್ಟೇ ನೋಡಿದರೆ ಒಂದು ಸುತ್ತಿಗೆ ಸುಮಾರು 1 ಸೈಕಲ್ ಸಾಕಿತ್ತು. ಉಳಿದದ್ದು ಎಲ್ಲಿ ಹೋಯಿತು? ಟೈಮ್‌ಲೈನ್ ಆಪ್ಷನ್ ಹಾಕಿ ನೋಡಿ. ಪ್ರತಿ ಕೂಡುವ ಇನ್‌ಸ್ಟ್ರಕ್ಷನ್ ಮುಂದೆ = ಗುರುತುಗಳ ಸಾಲು ಬರುತ್ತದೆ. ಆ ಇನ್‌ಸ್ಟ್ರಕ್ಷನ್ ಪ್ರೊಸೆಸರ್‌ನ ಶೆಡ್ಯೂಲರ್ ಕ್ಯೂನಲ್ಲಿ (ಕಂಪೈಲರ್‌ನದಲ್ಲ) ಸುಮ್ನೆ ಕಾಯುತ್ತಿದೆ ಎಂದು ಅದರ ಅರ್ಥ. ಒಂದೊಂದು ಸುತ್ತಿಗೂ ಆ ಸಾಲು ಉದ್ದವಾಗುತ್ತಾ ಹೋಗುತ್ತದೆ. ಹಿಂದಿನ ಮೊತ್ತ ಬರುವ ತನಕ ಮುಂದಿನದು ಹೊರಡುವಂತಿಲ್ಲ, ಮೊತ್ತಕ್ಕೆ 4 ಸೈಕಲ್ ಬೇಕು. ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಬಾಟಲ್‌ನೆಕ್ ಆಪ್ಷನ್ ಹಾಕಿದರೆ ಇದು ರಿಜಿಸ್ಟರ್ ಅವಲಂಬನೆ ಎಂದು ಬಾಯಿಬಿಟ್ಟು ಹೇಳುತ್ತದೆ, ಸರಪಳಿಯಲ್ಲಿರುವ ಇನ್‌ಸ್ಟ್ರಕ್ಷನ್‌ಗಳನ್ನೂ ಗುರುತು ಮಾಡಿ ಕೊಡುತ್ತದೆ.

ಪರಿಹಾರವೂ ಅಲ್ಲೇ ಇದೆ. ಲೇಟೆನ್ಸಿ 4, ಸೈಕಲ್‌ಗೆ 2 ಹೊರಡಬಹುದು, ಅಂದರೆ 8 ಅಕ್ಯುಮುಲೇಟರ್ ಇದ್ದರೆ ಯಂತ್ರ ತುಂಬಿ ಓಡುತ್ತದೆ. ಬದಲಾಯಿಸಿ ಮತ್ತೆ ಎಂಸಿಎಗೆ ಕೊಟ್ಟರೆ ಆ = ಸಾಲು ಹಾಗೆ ಬೆಳೆಯುವುದು ನಿಂತಿರುತ್ತದೆ. ಶೆಡ್ಯೂಲಿಂಗ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಆದರೆ ಅಕ್ಯುಮುಲೇಟರ್ ಜಾಸ್ತಿ ಮಾಡುತ್ತಾ ಹೋದರೆ ರಿಜಿಸ್ಟರ್ ಎಲ್ಲಿಂದ ತರುವುದು? ಬ್ಯಾಕೆಂಡ್‌ನ ಹಳೇ ಜಗಳವೇ ಇದು. ಲೋಡ್‌ಗೆ (ಮೆಮೊರಿಯಿಂದ ಓದಲು) ಸಮಯ ಹಿಡಿಯುತ್ತದೆ ಎಂದು ಕಂಪೈಲರ್‌ನ ಶೆಡ್ಯೂಲರ್ ಲೋಡ್‌ಗಳನ್ನು ಮೇಲಕ್ಕೆ ಎಳೆಯುತ್ತದೆ. ಮೇಲಕ್ಕೆ ಎಳೆದಷ್ಟೂ ಆ ವ್ಯಾಲ್ಯೂಗಳು ಜಾಸ್ತಿ ಹೊತ್ತು ರಿಜಿಸ್ಟರ್ ಹಿಡಿದು ಕೂತಿರುತ್ತವೆ. ಆಮೇಲೆ ಬರುವ, ವ್ಯಾಲ್ಯೂಗಳಿಗೆ ರಿಜಿಸ್ಟರ್ ಹಂಚುವ ಅಲೊಕೇಟರ್‌ಗೆ ಜಾಗ ಸಾಲದೆ, ಅದು ಕೆಲವನ್ನು ಮೆಮೊರಿಯಲ್ಲಿರುವ ಸ್ಟ್ಯಾಕ್‌ಗೆ ಸ್ಪಿಲ್ ಮಾಡುತ್ತದೆ, ಅಂದರೆ ಅಲ್ಲಿ ಬರೆದಿಡುತ್ತದೆ. ಎಲ್‌ಎಲ್‌ವಿಎಂನ ಶೆಡ್ಯೂಲರ್ ರಿಜಿಸ್ಟರ್ ಒತ್ತಡವನ್ನೂ ನೋಡಿಕೊಂಡೇ ಕೆಲಸ ಮಾಡುತ್ತದೆ ನಿಜ. 2011ರಲ್ಲಿ 3.0 ಆವೃತ್ತಿಯಿಂದ ಬಂದ ಗ್ರೀಡಿ ಅಲೊಕೇಟರ್ ಕೂಡ ಲೈವ್ ರೇಂಜ್‌ಗಳನ್ನು (ಒಂದು ವ್ಯಾಲ್ಯೂ ಬೇಕಾಗಿರುವ ಅವಧಿಗಳನ್ನು) ಒಡೆದು, ಸ್ಪಿಲ್ಲನ್ನು ಲೂಪ್‌ನ ಹೊರಗೆ ತಳ್ಳಲು ತುಂಬಾ ಒದ್ದಾಡುತ್ತದೆ. ಆದರೂ ಎಕ್ಸ್86ನ ಎವಿಎಕ್ಸ್2 ಇನ್‌ಸ್ಟ್ರಕ್ಷನ್‌ಗಳಿಗೆ ವೆಕ್ಟರ್ ರಿಜಿಸ್ಟರ್ (ಹಲವು ಸಂಖ್ಯೆಗಳನ್ನು ಒಟ್ಟಿಗೆ ಹಿಡಿಯುವವು) ಇರುವುದು 16 ಮಾತ್ರ ಅಲ್ವಾ.

ಮ್ಯಾಟ್ರಿಕ್ಸ್ ಗುಣಾಕಾರದ ಒಳಗಿನ ಕರ್ನಲ್ ಇದಕ್ಕೆ ಸರಿಯಾದ ಉದಾಹರಣೆ. 6 ಸಾಲು, ಸಾಲಿಗೆ 2 ವೆಕ್ಟರ್ ಇಟ್ಟರೆ 12 ಅಕ್ಯುಮುಲೇಟರ್. ಇನ್ನೊಂದು ಮ್ಯಾಟ್ರಿಕ್ಸ್‌ನ ವೆಕ್ಟರ್‌ಗಳಿಗೆ 2, ಬ್ರಾಡ್‌ಕಾಸ್ಟ್‌ಗೆ (ಒಂದೇ ಸಂಖ್ಯೆಯನ್ನು ವೆಕ್ಟರ್ ತುಂಬಾ ಹರಡಲು) ಒಂದೋ ಎರಡೋ. ಹದಿನಾರರಲ್ಲಿ ಸರಿಯಾಗಿ ಹಿಡಿಸುತ್ತದೆ, ಸ್ಕೈಲೇಕ್‌ಗೆ ಬೇಕಾದ 8 ಅಕ್ಯುಮುಲೇಟರ್‌ಗಿಂತಲೂ ಜಾಸ್ತಿಯೇ ಇದೆ. ಅದನ್ನೇ 4 ಸಾಲು, ಸಾಲಿಗೆ 4 ವೆಕ್ಟರ್ ಎಂದು ಬರೆದರೆ ಅಕ್ಯುಮುಲೇಟರ್‌ಗಳೇ ಹದಿನಾರನ್ನೂ ನುಂಗುತ್ತವೆ. ಬ್ರಾಡ್‌ಕಾಸ್ಟ್‌ಗೆ ಜಾಗವೇ ಇಲ್ಲ. ಆಗ ಯಾವುದೋ ಅಕ್ಯುಮುಲೇಟರ್ ಪ್ರತಿ ಸುತ್ತಿಗೂ ಸ್ಟ್ಯಾಕ್‌ನಿಂದ ಬಂದು, ಕೂಡಿಸಿಕೊಂಡು, ಮತ್ತೆ ಸ್ಟ್ಯಾಕ್‌ಗೇ ಹೋಗುವ ಪರಿಸ್ಥಿತಿ ಬರುತ್ತದೆ.

ಎಂಸಿಎ ನಿಮ್ಮನ್ನು ದಾರಿ ತಪ್ಪಿಸುವುದು ಇಲ್ಲೇ. ಲೋಡ್ ಮತ್ತು ಸ್ಟೋರ್ (ಮೆಮೊರಿಗೆ ಬರೆಯುವುದು) ಒಂದೇ ಜಾಗವನ್ನು ಮುಟ್ಟುವುದಿಲ್ಲ ಎಂದು ಅದು ಮೊದಲೇ ಅಂದುಕೊಂಡಿರುತ್ತದೆ. ಡಿಫಾಲ್ಟ್ ಅದೇ. ಹಾಗಾಗಿ ಹಿಂದಿನ ಸುತ್ತಿನ ಸ್ಪಿಲ್‌ಗೂ ಈ ಸುತ್ತಿನ ರಿಲೋಡ್‌ಗೂ (ಅದನ್ನು ಸ್ಟ್ಯಾಕ್‌ನಿಂದ ಮತ್ತೆ ತರುವುದಕ್ಕೂ) ಸಂಬಂಧವೇ ಇಲ್ಲ ಎಂದು ಲೆಕ್ಕ ಹಾಕುತ್ತದೆ. ನಿಜವಾದ ಯಂತ್ರದಲ್ಲಿ ಆ ವ್ಯಾಲ್ಯೂ ಸ್ಟೋರ್ ಬಫರ್ (ಬರೆದದ್ದು ಮೊದಲು ನಿಲ್ಲುವ ಜಾಗ) ದಾಟಿ ಬರುವ ತನಕ ಕಾಯಲೇಬೇಕು. ಎಂಸಿಎ ಕಣ್ಣಲ್ಲಿ ಸರಪಳಿ ಕತ್ತರಿಸಿ ಬಿದ್ದಿದೆ. ಸ್ಪಿಲ್ ಆದ ಅಕ್ಯುಮುಲೇಟರ್, ರಿಜಿಸ್ಟರ್‌ನಲ್ಲೇ ಉಳಿದದ್ದಕ್ಕಿಂತ ಕಡಿಮೆ ಕಾಯುವಂತೆ ಟೈಮ್‌ಲೈನ್‌ನಲ್ಲಿ ಕಾಣುತ್ತದೆ. ಗೊತ್ತಿಲ್ಲದವರು ಅದನ್ನು ನೋಡಿ ಖುಷಿಪಡುವುದು ಸಹಜ. ಈ ಊಹೆಯನ್ನು ಹಿಡಿತದಲ್ಲಿಡುವ ನೋಏಲಿಯಾಸ್ ಆಪ್ಷನನ್ನು ಫಾಲ್ಸ್ ಮಾಡಿದರೆ ಕಥೆ ಉಲ್ಟಾ: ಪ್ರತಿ ಲೋಡ್ ತನಗಿಂತ ಹಿಂದಿನ ಸ್ಟೋರ್‌ಗಳಿಗೆಲ್ಲ ಕಾಯುತ್ತದೆ, ಸಂಬಂಧ ಇರಲಿ ಬಿಡಲಿ. ಸ್ಪಿಲ್ ಇರುವ ಲೂಪ್ ಆದರೆ ನಾನು ಎರಡೂ ರೀತಿ ಓಡಿಸುತ್ತೇನೆ. ಎರಡರ ನಡುವೆ ಜಾಸ್ತಿ ಅಂತರ ಕಂಡರೆ ನೇರವಾಗಿ ಪರ್ಫ್ ಎಂಬ ಅಳತೆಯ ಟೂಲ್ ಹಾಕಿ ನಿಜವಾದ ಯಂತ್ರದ ಮೇಲೆ ಅಳೆಯುತ್ತೇನೆ.

ಸ್ಪಿಲ್ ಇದೆಯೋ ಇಲ್ಲವೋ ಎಂದು ತಿಳಿಯಲು ಎಂಸಿಎ ಬೇಕಾಗಿಲ್ಲ. ಎಲ್‌ಎಲ್‌ವಿಎಂನ ಸಿ/ಸಿ++ ಕಂಪೈಲರ್ ಕ್ಲ್ಯಾಂಗ್ ಬರೆದ ಅಸೆಂಬ್ಲಿ ಫೈಲ್‌ನಲ್ಲೇ ಆ ಸಾಲಿನ ಪಕ್ಕ "32-ಬೈಟ್ ಸ್ಪಿಲ್", "32-ಬೈಟ್ ರಿಲೋಡ್" ಎಂದು ಕಾಮೆಂಟ್ ಇರುತ್ತದೆ. ಮೊದಲು ಅದನ್ನು ಹುಡುಕಿ, ಆಮೇಲೆ ಎಂಸಿಎ ತೆರೆಯಿರಿ.

ಇನ್ನೊಂದು ವಿಷಯಕ್ಕೆ ಜನ ತುಂಬಾ ಎಡವುತ್ತಾರೆ. ಪ್ರೊಸೆಸರ್ ಹೆಸರು ಕೊಡದಿದ್ದರೆ ಎಂಸಿಎ ನೀವು ಕೂತಿರುವ ಯಂತ್ರದ್ದೇ ಎಂದುಕೊಳ್ಳುತ್ತದೆ. ಆದರೆ ಕ್ಲ್ಯಾಂಗ್‌ಗೆ ಹೆಸರು ಕೊಡದಿದ್ದರೆ ಅದು ಎಕ್ಸ್86-64 ಜೆನೆರಿಕ್‌ಗೆ (ಯಾವ ನಿರ್ದಿಷ್ಟ ಪ್ರೊಸೆಸರೂ ಅಲ್ಲದ್ದಕ್ಕೆ) ಕೋಡ್ ಕಟ್ಟುತ್ತದೆ, ಅದಕ್ಕೆ ಎಲ್‌ಎಲ್‌ವಿಎಂ ಶೆಡ್ಯೂಲರ್ ಬಳಸುವುದು 2011ರ ಸ್ಯಾಂಡಿ ಬ್ರಿಜ್‌ನ ಟೇಬಲ್. ಕೋಡ್ ಕಟ್ಟಿದ್ದು ಒಂದು ಲೆಕ್ಕಕ್ಕೆ, ಅಳೆಯುವುದು ಇನ್ನೊಂದು ಲೆಕ್ಕಕ್ಕೆ. ಆಮೇಲೆ ಶೆಡ್ಯೂಲರ್‌ಗೆ ಬೈದರೆ ನ್ಯಾಯವಲ್ಲ. ಎರಡು ಕಡೆಯೂ ಹೆಸರು ಕೊಡಿ.

ಉಳಿದ ಮಿತಿಗಳು ಸ್ಪಷ್ಟವಾಗಿವೆ. ಕ್ಯಾಶ್ ಮಿಸ್ ಇಲ್ಲ, ಬ್ರಾಂಚ್ ಪ್ರಿಡಿಕ್ಷನ್ ಇಲ್ಲ, ಡಿಕೋಡ್ ಆಗುವ ಮುಂಭಾಗದ ಲೆಕ್ಕ ಇಲ್ಲ. ಜಂಪ್ ಕೊಟ್ಟರೂ ಹಿಂಬಾಲಿಸುವುದಿಲ್ಲ, ಕೋಡನ್ನು ಮೇಲಿಂದ ಕೆಳಗೆ ನೇರ ಓದುತ್ತದೆ. ಕಾಲ್ ಕಂಡರೆ 100 ಸೈಕಲ್ ಎಂದು ಅಂದಾಜು ಹಾಕಿ ಎಚ್ಚರಿಕೆ ಕೊಡುತ್ತದೆ. ಬೇಕಾದ ಭಾಗವನ್ನಷ್ಟೇ ಗುರುತು ಮಾಡಲು ಸೋರ್ಸ್‌ನಲ್ಲಿ ಇನ್‌ಲೈನ್ ಅಸೆಂಬ್ಲಿ ಕಾಮೆಂಟ್ ಹಾಕಬಹುದು, ಆದರೆ ನಾನು ಹಾಕುವುದಿಲ್ಲ. ಅದು ಲೂಪ್ ಒಳಗೆ ಬಂದರೆ ವೆಕ್ಟರೈಸೇಷನ್ನೇ (ಲೂಪನ್ನು ವೆಕ್ಟರ್ ಇನ್‌ಸ್ಟ್ರಕ್ಷನ್‌ಗಳಿಗೆ ಬದಲಿಸುವುದು) ನಿಂತುಹೋಗಬಹುದು. ನೋಡಬೇಕಿದ್ದ ಕೋಡ್ ಬಿಟ್ಟು ಬೇರೆಯದನ್ನೇ ನೋಡಿದ ಹಾಗಾಗುತ್ತದೆ. ಅಸೆಂಬ್ಲಿ ಫೈಲ್ ತೆಗೆದು, ಅದರಲ್ಲೇ ಕೈಯಾರೆ ಗುರುತು ಹಾಕಿ.

ಇನ್ನು ಟೇಬಲ್‌ನಲ್ಲೇ ತಪ್ಪಿದ್ದರೆ? ಶೆಡ್ಯೂಲರೂ ಎಂಸಿಎಯೂ ಒಟ್ಟಿಗೇ ತಪ್ಪುತ್ತವೆ, ಒಂದು ಇನ್ನೊಂದಕ್ಕೆ ಹೌದೌದು ಎನ್ನುತ್ತದೆ. ಹೊಸ ಪ್ರೊಸೆಸರ್‌ಗೆ ಟೇಬಲ್ ಬರೆಯುವವರು ಎಂಸಿಎ ಸಂಖ್ಯೆ ಚೆನ್ನಾಗಿ ಬಂತು ಎಂದು ಅಲ್ಲಿಗೇ ನಿಲ್ಲಿಸಬಾರದು. ಲೇಟೆನ್ಸಿಗಳನ್ನು ಯಂತ್ರದ ಮೇಲೆ ಒಂದೊಂದಾಗಿ ಅಳೆದೇ ತುಂಬಬೇಕು.

ನನಗೆ ಈ ಟೂಲ್‌ನಲ್ಲಿ ಒಂದೇ ಒಂದು ಬದಲಾವಣೆ ಬೇಕು. ಸ್ಟ್ಯಾಕ್ ಪಾಯಿಂಟರ್ ಅದೇ, ಆಫ್‌ಸೆಟ್ ಅದೇ ಆಗಿರುವ ಸ್ಟೋರ್ ಮತ್ತು ಲೋಡನ್ನು ಜೋಡಿ ಎಂದು ಗುರುತಿಸಿ, ಅವುಗಳ ನಡುವೆ ಮಾತ್ರ ಕಾಯುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಳಾಸದ ಪೂರ್ತಿ ವಿಶ್ಲೇಷಣೆಯೇನೂ ಬೇಡ, ಅಸೆಂಬ್ಲಿ ಸಾಲಿನಲ್ಲೇ ಆಫ್‌ಸೆಟ್ ಬರೆದಿರುತ್ತದೆ. ಅಲೊಕೇಟರ್ ಹಾಕಿದ ಸ್ಪಿಲ್‌ಗಳಲ್ಲಿ ಬಹುಪಾಲು ಇಷ್ಟರಲ್ಲೇ ಸಿಕ್ಕಿಬೀಳುತ್ತವೆ.