ಡ್ರ್ಯಾಗ್ ಎಸ್ಟೀಮ್‌ಗೆ ಮೂರು ಥರದ ಟ್ಯಾಂಕ್: ನನ್ನ ಹೋಲಿಕೆ

ನೇರ ದಾರಿಯ ಡ್ರ್ಯಾಗ್ ರೇಸಲ್ಲಿ ಲೈಟ್ ಹಸಿರಾದ ಕೂಡಲೇ ನನ್ನ ಮಾರುತಿ ಎಸ್ಟೀಮ್ ಕಾರು ಚೆನ್ನಾಗಿಯೇ ಹೊರಡುತ್ತಿತ್ತು. ಎರಡನೇ ಗೇರಿಗೆ ಬಂದಾಗ ಒಮ್ಮೆ ಕೆಮ್ಮಿ ಎಳೆತ ನಿಲ್ಲಿಸುತ್ತಿತ್ತು. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರಿಸುವ ಎಎಫ್‌ಆರ್ ಗೇಜ್ 12.5ರಿಂದ 16ಕ್ಕೆ ಹಾರುತ್ತಿತ್ತು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಟ್ಯಾಂಕಲ್ಲಿ ಎಂಟು ಲೀಟರ್ ಇದ್ದರೂ!

ಅರ್ಧ ಜಿ (ಅಂದರೆ ಭೂಮಿಯ ಸೆಳೆತದ ಅರ್ಧದಷ್ಟು) ಎಳೆತಕ್ಕೇ ಟ್ಯಾಂಕಿನೊಳಗಿನ ಪೆಟ್ರೋಲ್ ಸುಮಾರು 27 ಡಿಗ್ರಿ ಓರೆಯಾಗಿ ಹಿಂದಕ್ಕೆ ಸರಿಯುತ್ತದೆ. ಪಂಪ್ ಇದ್ದ ಕಡೆ ಗಾಳಿ. ಟ್ಯಾಂಕ್ ತುಂಬಿಸಿದರೆ ಕೆಮ್ಮು ಹೋಗುತ್ತದೆ, ಆದರೆ 40 ಲೀಟರ್ ಅಂದರೆ 30 ಕೆಜಿ ಸುಮ್ನೆ ಹೊತ್ತು ಓಡಬೇಕು.

ಮೊದಲು ಡಿಕ್ಕಿಯಲ್ಲಿ ಹತ್ತು ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್ ಕೂರಿಸಿದೆ. ತಳದಲ್ಲಿ ಹಿಂಬದಿಗೆ ಒಂದು ಗುಂಡಿ, ಅಲ್ಲಿಂದಲೇ ಪಂಪಿಗೆ ಪೈಪ್. ಎಳೆತದಲ್ಲಿ ಪೆಟ್ರೋಲ್ ತಾನಾಗಿಯೇ ಅಲ್ಲಿಗೆ ಬರುತ್ತದೆ. ಕೆಮ್ಮು ಪೂರ್ತಿ ನಿಂತಿತು. ಆದರೆ ಟ್ಯಾಂಕ್ ಮಾಡಿಕೊಟ್ಟವರು ಒಳಗೆ ಮಾಮೂಲಿ ಸ್ಪಂಜ್ ತುಂಬಿದ್ದರು. ಎರಡು ತಿಂಗಳಿಗೆ ಫಿಲ್ಟರ್ ಬಿಚ್ಚಿದರೆ ಜಾಲರಿಗೆ ಹಳದಿ ಪುಡಿ ಅಂಟಿತ್ತು, ಬೆರಳಲ್ಲಿ ಉಜ್ಜಿದರೆ ಅಂಟಂಟು. ಪೆಟ್ರೋಲಿಗೆಂದೇ ಬರುವ ಫೋಮ್ ಬಿಟ್ಟು ಬೇರೇನೂ ಹಾಕಬೇಡಿ. ಗಾಳಿ ಪೈಪಿನ ಬಾಯಿಯೂ ಡಿಕ್ಕಿಯೊಳಗೇ ಇತ್ತು, ಕಾರೆಲ್ಲ ವಾಸನೆ. ಅದು ಹೊರಗೇ ತೆರೆಯಬೇಕು, ಕಾರು ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಇರಬೇಕು, ಸೀಟಿಗೂ ಡಿಕ್ಕಿಗೂ ನಡುವೆ ಸಂದಿಲ್ಲದ ಉಕ್ಕಿನ ತಗಡು ಬೇಕು. ಇವು ಮೂರೂ ಇಲ್ಲದೆ ಡಿಕ್ಕಿಯಲ್ಲಿ ಟ್ಯಾಂಕ್ ಇಟ್ಟು ಓಡಿಸಲೇಬೇಡಿ.

ಆಮೇಲೆ ಮುಂದೆ, ರೇಡಿಯೇಟರ್ ಪಕ್ಕ, ನಾಲ್ಕು ಲೀಟರಿನದು. ಪೈಪ್ ಗಿಡ್ಡ. ಹೊರಟ ರಭಸಕ್ಕೆ ಪೆಟ್ರೋಲ್ ಇಂಜಿನ್ ಕಡೆಗೇ ನುಗ್ಗುತ್ತದೆ. ಹಿಂದಿನ ಟ್ಯಾಂಕಿನಿಂದ ಬರುವ ಮೂರು ಮೀಟರ್ ಪೈಪಲ್ಲಿ ಅರ್ಧ ಜಿಗೆ ಸುಮಾರು 0.1 ಬಾರ್ ಒತ್ತಡ ಕಳೆದುಹೋಗುತ್ತದೆ. ಕಡಿಮೆ ಒತ್ತಡದಲ್ಲಿ ಓಡುವ ಕಾರ್ಬ್ಯುರೇಟರ್ ಗಾಡಿಗೆ ಅದು ದೊಡ್ಡದು, 3 ಬಾರ್ ಒತ್ತಡದ ನನ್ನ ಇಂಜೆಕ್ಷನ್‌ಗೆ ಲೆಕ್ಕಕ್ಕೇ ಇಲ್ಲ. ಮುಂದಿನ ಚಕ್ರಕ್ಕೆ ಭಾರ ಬಿದ್ದು ಹಿಡಿತ ಹೆಚ್ಚುತ್ತದೆ ಅಂತಾರೆ, ಆದರೆ ನಾಲ್ಕು ಲೀಟರ್ ಅಂದರೆ ಬರೀ ಮೂರು ಕೆಜಿ! ಎರಡು ಓಟಕ್ಕೇ ಟ್ಯಾಂಕ್ ಕೈ ಸುಡುವಷ್ಟು ಬಿಸಿ. ಎದುರಿಗೆ ಏನಾದರೂ ಬಡಿದರೆ ಮೊದಲ ಪೆಟ್ಟು ಪೆಟ್ರೋಲಿಗೆ. ನನಗೆ ಧೈರ್ಯ ಬರಲಿಲ್ಲ, ಬಿಚ್ಚಿಟ್ಟೆ.

ಕೊನೆಗೆ ಉಳಿದಿದ್ದು ಕಂಪನಿ ಟ್ಯಾಂಕೇ, ಜೊತೆಗೆ ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್. ಹಳೇ ಪಂಪ್ ಇದನ್ನು ಸದಾ ತುಂಬಿಸುತ್ತಿರುತ್ತದೆ. ಎರಡನೇ ಪಂಪ್ ತಳದಿಂದ ಎಳೆದು ಇಂಜಿನ್‌ಗೆ ಕೊಡುತ್ತದೆ. ಗಾಳಿ ಗುಳ್ಳೆ, ಹೆಚ್ಚಾದ ಪೆಟ್ರೋಲ್ ಎಲ್ಲಾ ಮೇಲಿನಿಂದ ವಾಪಸ್. ಒಂದೂವರೆ ಲೀಟರ್ ಸಾಲುತ್ತಾ ಅಂತ ಎಲ್ಲರೂ ಕೇಳುತ್ತಾರೆ. ನೂರು ಎಚ್‌ಪಿ ಇಂಜಿನ್ ಫುಲ್ ಥ್ರಾಟಲ್‌ನಲ್ಲಿ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ. 402 ಮೀಟರ್ ಓಟ ನನಗೆ 17 ಸೆಕೆಂಡ್. ಅಂದರೆ ಒಂದು ಟೀ ಲೋಟದಷ್ಟು, ಅಷ್ಟೇ. ಎರಡು ಪಂಪ್, ನಾಲ್ಕು ಪೈಪ್, ಜಾಯಿಂಟ್ ಜಾಸ್ತಿ, ಸೋರಿಕೆ ನೋಡಿಕೊಳ್ಳುತ್ತಿರಬೇಕು. ಇದಕ್ಕೂ ಡಿಕ್ಕಿಯಲ್ಲಿ ಅದೇ ತಗಡು ಬೇಕೇಬೇಕು.

ಬರೀ ಟ್ರ್ಯಾಕಿಗೆ ಒಯ್ಯುವ ಕಾರಾದರೆ ಡಿಕ್ಕಿ ಟ್ಯಾಂಕನ್ನೇ ಸರಿಯಾಗಿ ಮಾಡಿಸಿ. ನನ್ನದು ವಾರದ ದಿನ ಆಫೀಸಿಗೂ ಹೋಗುವ ಗಾಡಿ, ಅದಕ್ಕೇ ಸರ್ಜ್ ಟ್ಯಾಂಕ್. ಗೇಜ್ ಈಗ ಎರಡನೇ ಗೇರಲ್ಲೂ 12.5ರ ಹತ್ತಿರವೇ ನಿಲ್ಲುತ್ತದೆ, ಟ್ಯಾಂಕಲ್ಲಿ ಎಂಟೇ ಲೀಟರ್ ಇದ್ದಾಗಲೂ.