ಭೂತಗನ್ನಡಿ ಇಲ್ಲದೆ ಗ್ರೆಮ್ಲಿನ್ ಕೊಳ್ಳಬೇಡಿ

1943ರ ‘ದಿ ಗ್ರೆಮ್ಲಿನ್ಸ್’ ಅನ್ನೋ ಮಕ್ಕಳ ಪುಸ್ತಕವನ್ನು ಯಾರಾದರೂ ‘ಜಾಕೆಟ್ ಸಮೇತ’, ಅಂದರೆ ಮೇಲೆ ಸುತ್ತುವ ಕಾಗದದ ಹೊದಿಕೆ ಸಮೇತ, ಅಂತ ಮಾರುತ್ತಿದ್ದರೆ, ದುಡ್ಡು ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಆ ಜಾಕೆಟ್ ಅಚ್ಚಾದದ್ದು ಯಾವಾಗ? ನಾನು ಕೇಳಲಿಲ್ಲ. 1,150 ಡಾಲರ್ ಕೊಟ್ಟೆ. ಜಾಕೆಟ್ ತೋರಿಸಿ ಟೋಪಿ ಹಾಕಿದರು.

ನಾವಿರುವುದು ಡಾಲಸ್‌ನಲ್ಲಿ. ಹೋದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಸ್ವೀಟ್‌ವಾಟರ್‌ಗೆ ಹೋಗಿದ್ದೆವು. ಪಶ್ಚಿಮಕ್ಕೆ ಕಾರಿನಲ್ಲಿ ಮೂರು ಗಂಟೆಗೂ ಜಾಸ್ತಿ ದಾರಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗಾಗಿ ವಿಮಾನ ಹಾರಿಸಿದ ಹೆಂಗಸರು, ‘ವಾಸ್ಪ್’ ಅಂತಾರೆ ಅವರನ್ನು, ತರಬೇತಿ ಪಡೆದ ಅವೆಂಜರ್ ಫೀಲ್ಡ್ ಅಲ್ಲಿದೆ. ಸಾವಿರಕ್ಕೂ ಹೆಚ್ಚು ಜನ ಪೈಲಟ್ ಆದರು, 38 ಜನ ಜೀವ ಕಳೆದುಕೊಂಡರು. ಈಗ ಅಲ್ಲೊಂದು ಮ್ಯೂಸಿಯಂ. ಎಲ್ಲಿ ನೋಡಿದರೂ ರೆಕ್ಕೆ ಕಟ್ಟಿಕೊಂಡು, ಹಾರಾಟದ ಕನ್ನಡಕ ಹಾಕಿಕೊಂಡ ಒಂದು ತುಂಟ ಹುಡುಗಿಯ ಚಿತ್ರ. ‘ಅಪ್ಪಾ, ಇದ್ಯಾರು?’ ಅಂದಳು ಮಗಳು. ಅವಳ ಹೆಸರು ಫಿಫಿನೆಲ್ಲಾ. ಆ ಪುಸ್ತಕದ ಹೆಣ್ಣು ಗ್ರೆಮ್ಲಿನ್. ಅವಳ ಬೆನ್ನು ಹತ್ತಿ ಹೋಗಿಯೇ ನಾನು ಹಳ್ಳಕ್ಕೆ ಬಿದ್ದದ್ದು.

ಗ್ರೆಮ್ಲಿನ್ ಅಂದರೆ ಬ್ರಿಟಿಷ್ ವಾಯುಪಡೆಯವರ ಕುಟ್ಟಿಚಾತ. ಎಂಜಿನ್ ಸುಮ್ನೆ ಕೆಮ್ಮಿತಾ, ಮೀಟರ್ ತಪ್ಪು ತೋರಿಸಿತಾ, ಮೆಕ್ಯಾನಿಕ್‌ಗಳು ಎಷ್ಟು ತಡಕಿದರೂ ಕಾರಣ ಸಿಗಲಿಲ್ವಾ, ಹಾಗಾದರೆ ಗ್ರೆಮ್ಲಿನ್ ಕೆಲಸ. 1920ರ ದಶಕದಲ್ಲೇ ಮಾಲ್ಟಾ, ಮಧ್ಯಪ್ರಾಚ್ಯ, ಭಾರತದ ನೆಲೆಗಳಲ್ಲಿದ್ದ ಅವರ ಬಾಯಲ್ಲಿ ಈ ಮಾತು ಓಡಾಡುತ್ತಿತ್ತಂತೆ. ಅದನ್ನು ಮಕ್ಕಳ ಕಥೆ ಮಾಡಿದವರು ರೋಲ್ಡ್ ಡಾಲ್. 1940ರಲ್ಲಿ ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ವಿಮಾನ ಬಿದ್ದು ಬದುಕಿ ಉಳಿದ ಪೈಲಟ್. ಆಮೇಲೆ ವಾಷಿಂಗ್ಟನ್‌ನ ಬ್ರಿಟಿಷ್ ರಾಯಭಾರ ಕಚೇರಿಗೆ ಬಂದರು, ಅಲ್ಲಿದ್ದಾಗ ಬರೆದ ಕಥೆ ಇದು. ಅವರ ಮೊದಲ ಮಕ್ಕಳ ಪುಸ್ತಕ. ಗ್ರೆಮ್ಲಿನ್ ಪದ ಹುಟ್ಟಿಸಿದ್ದೇ ತಾನು ಅಂತಲೂ ಹೇಳಿಕೊಳ್ಳುತ್ತಿದ್ದರು. ಅಂದರೆ ಈ ಪುಸ್ತಕದ ಹುಟ್ಟಿನಲ್ಲೇ ಒಂದಿಷ್ಟು ಬುರುಡೆ ಇದೆ. ನನಗೆ ಆಗಲೇ ಹೊಳೆಯಬೇಕಿತ್ತು.

ಕಥೆ ಮಾತ್ರ ಸೊಗಸು. ಗಸ್ ಅನ್ನೋ ಪೈಲಟ್ ಹಾರಾಡುತ್ತಿರುವಾಗ ನೋಡುತ್ತಾನೆ, ರೆಕ್ಕೆಯ ಮೇಲೆ ಗೇಣುದ್ದದ ಆಸಾಮಿಯೊಬ್ಬ ನಿಂತು ಆರಾಮಾಗಿ ತೂತು ಕೊರೆಯುತ್ತಿದ್ದಾನೆ. ತಲೆಯಲ್ಲಿ ಕೊಂಬು, ಕಾಲಲ್ಲಿ ಅಂಟಿಕೊಳ್ಳುವ ಬೂಟು. ಅವನ ಸಿಟ್ಟಿಗೂ ಕಾರಣವಿದೆ: ಅವರು ಬದುಕಿದ್ದ ಕಾಡನ್ನು ಕಡಿದು ವಿಮಾನದ ಕಾರ್ಖಾನೆ ಕಟ್ಟಿದ್ದರು. ಕೊನೆಗೆ ಪೈಲಟ್‌ಗಳು ಅವರನ್ನು ಒಲಿಸಿಕೊಳ್ಳುವುದು ಬಳಸಿದ ಅಂಚೆ ಚೀಟಿ ತಿನ್ನಿಸಿ. ಈ ಅಂಚೆ ಚೀಟಿ ನೆನಪಿರಲಿ, ಮುಂದೆ ಬರುತ್ತದೆ.

ಡಿಸ್ನಿಯವರು ಇದನ್ನು ಸಿನಿಮಾ ಮಾಡಲು ಹೊರಟಿದ್ದರು. ಸಿನಿಮಾ ಅರ್ಧಕ್ಕೇ ನಿಂತಿತು, ಅವರ ಕಲಾವಿದರು ಬರೆದ ಚಿತ್ರಗಳೊಂದಿಗೆ 1943ರಲ್ಲಿ ಪುಸ್ತಕ ಮಾತ್ರ ನ್ಯೂಯಾರ್ಕಿನ ರ‍್ಯಾಂಡಮ್ ಹೌಸ್‌ನಿಂದ ಬಂತು. ಯುದ್ಧಕಾಲ, ಕಾಗದಕ್ಕೆ ಬರ. ಮಕ್ಕಳ ಪುಸ್ತಕ ಬೇರೆ. ಒಳಗಿನ ಪುಸ್ತಕವೇ ಹರಿದು ಚಿಂದಿಯಾಗಿರುವಾಗ ಮೇಲೆ ಸುತ್ತಿದ ಕಾಗದದ ಜಾಕೆಟ್ ಎಲ್ಲಿ ಉಳಿಯಬೇಕು? ಹಾಗಾಗಿ ಸಂಗ್ರಹ ಮಾಡುವವರ ಲೋಕದಲ್ಲಿ ಪುಸ್ತಕಕ್ಕೆ ಒಂದು ಬೆಲೆ, ಜಾಕೆಟ್ ಇದ್ದರೆ ಅದರ ಎಷ್ಟೋ ಪಟ್ಟು. ಮೋಸಕ್ಕೆ ಜಾಗ ಆಗುವುದು ಇಲ್ಲೇ.

ಆನ್‌ಲೈನಿನಲ್ಲಿ ಹುಡುಕಿದಾಗ ಮೊದಲು ಸಿಗುವುದು 2006ರ ಮರುಮುದ್ರಣ. ಕೆಲವರು ಅದಕ್ಕೂ ‘1943’ ಅಂತಲೇ ಹಾಕಿರುತ್ತಾರೆ. ಅದನ್ನು ಹಿಡಿಯುವುದು ಸುಲಭ. ಬಾರ್‌ಕೋಡ್ ಇದ್ದರೆ, ಐಎಸ್‌ಬಿಎನ್ ಇದ್ದರೆ, ಡಾರ್ಕ್ ಹಾರ್ಸ್ ಅನ್ನೋ ಪ್ರಕಾಶಕರ ಹೆಸರಿದ್ದರೆ ಅದು ಹೊಸದು. 1944ರ ಲಂಡನ್ ಮುದ್ರಣವೂ ಇದೆ, ಅದು ಹಳೆಯದೇ, ಆದರೆ ಮೊದಲನೆಯದಲ್ಲ. ಇಷ್ಟೆಲ್ಲ ಓದಿಕೊಂಡಿದ್ದೆ ನಾನು. ಮಹಾ ಜಾಣ ಅಂದುಕೊಂಡಿದ್ದೆ.

ನನಗೆ ಸಿಕ್ಕ ಮಾರಾಟಗಾರನ ಹತ್ತಿರ ಇದ್ದದ್ದು ನಿಜವಾದ 1943ರ ಪುಸ್ತಕ. ವಿವರದಲ್ಲಿ ‘ಮೊದಲ ಮುದ್ರಣ, ಜಾಕೆಟ್ ಸಹಿತ, ಅಂಚಿನಲ್ಲಿ ಸಣ್ಣ ಹರಕು’ ಅಂತ ಇತ್ತು. ಗಮನಿಸಿ, ‘ಮೂಲ ಜಾಕೆಟ್’ ಅಂತ ಎಲ್ಲೂ ಇರಲಿಲ್ಲ. ಹರಕನ್ನೂ ಮುಚ್ಚಿಡದೆ ಹೇಳಿದ್ದಾನಲ್ಲ, ಎಂಥ ಪ್ರಾಮಾಣಿಕ ಅಂತ ನಾನು ಖುಷಿಪಟ್ಟೆ. ಪಾರ್ಸಲ್ ಬಂತು. ಜಾಕೆಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಮಡಚಿದ್ದರು. ಹಳೆಯ ಕಾಗದ, ಬಿಚ್ಚಿದರೆ ಹರಿದೀತು ಅಂತ ಮುಟ್ಟಲಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಇನ್ನೂ ಆರು ವಾರ ಇತ್ತು. ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ ಬಚ್ಚಿಟ್ಟೆ. ವಾಪಸ್ ಮಾಡಲು ಇದ್ದದ್ದು 14 ದಿನ.

ಹುಟ್ಟುಹಬ್ಬಕ್ಕೆ ನಮ್ಮ ಗೆಳೆಯರಾದ ರಾಯರು ಬಂದಿದ್ದರು. ನಲವತ್ತು ವರ್ಷದಿಂದ ಅಂಚೆ ಚೀಟಿ ಕೂಡಿಸುವವರು. ಗ್ರೆಮ್ಲಿನ್‌ಗಳಿಗೆ ಸ್ಟ್ಯಾಂಪೇ ಊಟ ಅಂತ ಮಗಳು ಹೇಳಿದ್ದೇ ತಡ, ಅವರಿಗೆ ಪುಸ್ತಕದ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ‘ಪ್ಲಾಸ್ಟಿಕ್ ತೆಗೀಲಾ?’ ಅಂದರು. ನನ್ನ ಕೈ ನಡುಗಿತು, ಅವರ ಕೈ ನಡುಗಲಿಲ್ಲ. ಮೆಲ್ಲಗೆ ಬಿಚ್ಚಿ, ಅಂಚಿನ ಆ ಹರಕಿನ ಮೇಲೆ ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು. ನನ್ನ ಮುಖ ನೋಡಿದರು.

‘ಇಲ್ಲಿ ನೀವೂ ಒಂಚೂರು ಮುಟ್ಟಿ ನೋಡಿ.’

ಮುಟ್ಟಿದೆ. ನುಣುಪಾಗಿತ್ತು. ಹರಕೇ ಇರಲಿಲ್ಲ. ಹರಕಿನ ಚಿತ್ರ ಇತ್ತು. ಯಾವುದೋ ನಿಜವಾದ ಜಾಕೆಟ್ಟನ್ನು ಸ್ಕ್ಯಾನ್ ಮಾಡಿ, ಅದರ ಹರಕು, ಕಲೆ, ಮಡಿಕೆಯ ಬಿಳಿ ಗೆರೆ ಎಲ್ಲವನ್ನೂ ಸೇರಿಸಿ ಅಚ್ಚು ಹಾಕಿದ್ದರು.

ರಾಯರ ಕಾರಿನಲ್ಲಿ ಭೂತಗನ್ನಡಿಯೂ ಯುವಿ (ನೇರಳಾತೀತ ಬೆಳಕಿನ) ಟಾರ್ಚೂ ಯಾವಾಗಲೂ ಇರುತ್ತವೆ, ಸ್ಟ್ಯಾಂಪಿನ ಹುಚ್ಚಿನವರು ಹಾಗೇ. ಲೈಟ್ ಆರಿಸಿ ಟಾರ್ಚ್ ಬಿಟ್ಟರು. ಪುಸ್ತಕದ ಹಾಳೆ ಮಂಕಾಗಿ ಕಂದುಬಣ್ಣದಲ್ಲಿ ಕೂತಿತ್ತು. ಜಾಕೆಟ್ಟಿನ ಒಳಮೈ ಮಾತ್ರ ಡಿಸ್ಕೋ ಲೈಟಿನಲ್ಲಿ ಬಿಳಿ ಅಂಗಿ ಹೊಳೆಯುತ್ತದಲ್ಲ, ಹಾಗೆ ನೀಲಿಯಾಗಿ ಹೊಳೆಯಿತು. ಕಾಗದ ಬೆಳ್ಳಗೆ ಕಾಣಲಿ ಅಂತ ಬೆರೆಸುವ ರಾಸಾಯನಿಕದ ಕೆಲಸ ಅದು. ಅದು ಕಾಗದಕ್ಕೆ ಬಂದದ್ದೇ ಯುದ್ಧ ಮುಗಿದ ಮೇಲೆ. ಹೊಳೆಯಲಿಲ್ಲ ಅಂದಮಾತ್ರಕ್ಕೆ ಅಸಲಿ ಅಂತಲ್ಲ, ಆದರೆ ಹೀಗೆ ಹೊಳೆದರೆ ಅದು 1943ರದ್ದಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಹಳೆಯ ಅಚ್ಚಿನಲ್ಲಿರುವ ಹಾಗೆ ಬಣ್ಣದ ಚುಕ್ಕಿಗಳು ಸಾಲಾಗಿ ಕೂತಿರಲಿಲ್ಲ, ರಂಗೋಲಿ ಪುಡಿ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಹರಡಿದ್ದವು. ಇಂಕ್‌ಜೆಟ್ ಪ್ರಿಂಟರ್.

ಇನ್ನೊಂದು ವಿಷಯ. ಮರ್ಯಾದಸ್ಥರು ಇಂಥ ಜಾಕೆಟ್ ಮಾಡಿದರೆ ಒಳಮಡಿಕೆಯಲ್ಲಿ ‘ಇದು ನಕಲು ಪ್ರತಿ’ ಅಂತ ಸಣ್ಣಗೆ ಅಚ್ಚು ಹಾಕಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಪುಸ್ತಕ ಚೆನ್ನಾಗಿ ಕಾಣಲಿ ಅಂತ ಹಾಕುತ್ತಾರೆ. ನನ್ನದರಲ್ಲಿ ಹಿಂಬದಿ ಮಡಿಕೆಯ ಕೆಳಗಿನ ಮೂಲೆಯನ್ನು ಕತ್ತರಿಸಿದ್ದರು. ಉಡುಗೊರೆ ಕೊಡುವವರು ಬೆಲೆ ಕಾಣದಿರಲಿ ಅಂತ ಮುಂದಿನ ಮಡಿಕೆಯ ಮೂಲೆ ಕತ್ತರಿಸುವುದುಂಟು. ಹಿಂದಿನದನ್ನು ಕತ್ತರಿಸಲು ಯಾರಿಗೆ ಏನು ಕಾರಣ?

ಮಾರಾಟಗಾರನಿಗೆ ಬರೆದೆ. ‘ಜಾಕೆಟ್ ಇದೆ ಅಂದಿದ್ದೆವು, ಇದೆ’ ಅಂತ ಉತ್ತರ ಬಂತು. ಅವಧಿ ಮುಗಿದಿದೆ ಅಂತಲೂ ನೆನಪಿಸಿದ. ಕಾರ್ಡ್ ಕಂಪನಿಗೆ ದೂರು ಕೊಟ್ಟು, ಎರಡು ತಿಂಗಳು ಪತ್ರ ಬರೆದು, ಕೊನೆಗೆ 300 ಡಾಲರ್ ವಾಪಸ್ ಬಂತು. ಜಾಕೆಟ್ ಇಲ್ಲದ ಪುಸ್ತಕಕ್ಕೆ ನಾನು ಕೊಟ್ಟದ್ದು ಈಗಲೂ ದುಬಾರಿಯೇ.

ಮಕ್ಕಳಿಗೆ ಓದಿಸಲು ಬೇಕು ಅಂದರೆ 2006ರದ್ದೇ ಕೊಳ್ಳಿ, ಚಿತ್ರಗಳನ್ನು ಚೆನ್ನಾಗಿ ಅಣಿಗೊಳಿಸಿ ಹಾಕಿದ್ದಾರೆ. ಇಲ್ಲ, ಹಳೆಯದೇ ಬೇಕು ಅಂತ ನನ್ನ ಥರ ಹಟ ಇದ್ದರೆ, ಪಾರ್ಸಲ್ ಬಂದ ದಿನವೇ ಪ್ಲಾಸ್ಟಿಕ್ ಬಿಚ್ಚಿ. ‘ಜಾಕೆಟ್ ಅಸಲಿಯಾ’ ಅಂತ ಮೊದಲೇ ಕೇಳಿ, ಹೌದೋ ಅಲ್ಲವೋ ಬರಹದಲ್ಲಿ ತರಿಸಿಕೊಳ್ಳಿ. ಉತ್ತರ ಸುತ್ತಿ ಬಳಸಿ ಬಂದರೆ ಬಿಟ್ಟುಬಿಡಿ. ಸೀರೆ ಕೆಳಗೆ ಬಚ್ಚಿಡಬೇಡಿ.

ಜಾಕೆಟ್ಟನ್ನು ಹರಿದು ಬಿಸಾಡೋಣ ಅಂದೆ. ಮಗಳು ಬಿಡಲಿಲ್ಲ, ಅದರ ಮೇಲೂ ಗ್ರೆಮ್ಲಿನ್ ಇದೆಯಲ್ಲ. ಸರಿ, ಮುಂದೆ ಇನ್ಯಾರ ಕೈಗಾದರೂ ಹೋದರೆ ಅವರು ಮೋಸ ಹೋಗದಿರಲಿ ಅಂತ ಒಳಮೈಯಲ್ಲಿ ಪೆನ್ಸಿಲ್‌ನಿಂದ ‘ನಕಲು’ ಅಂತ ಬರೆಯಲು ಹೋದೆ. ರಾಯರು ಕೈ ತಡೆದು, ಜೇಬಿನಿಂದ ತಮ್ಮ ಇಂಕ್ ಪೆನ್ ತೆಗೆದುಕೊಟ್ಟರು.