ಅಡುಗೆಮನೆಯ ಡಿಜಿಟಲ್ ತಕ್ಕಡಿ: ಕಪ್ಪಿನ ಲೆಕ್ಕ, ಗ್ರಾಮಿನ ಲೆಕ್ಕ

ಮುಂಬಯಿಯ ಮಾಟುಂಗಾದ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಬಳಕೆಯಲ್ಲಿರುವುದು ಐದು ಕಿಲೋವರೆಗೆ ತೂಗುವ, ಒಂದೊಂದು ಗ್ರಾಮಿನ ವ್ಯತ್ಯಾಸವನ್ನು ತೋರಿಸುವ ಸಾಮಾನ್ಯ ತಕ್ಕಡಿ. ಮಸೀದಿ ಬಂದರಿನ ಅಂಗಡಿಗಳಲ್ಲಿ ಗೋಡಂಬಿ, ಬಾದಾಮಿಗಳನ್ನು ತೂಕಕ್ಕೆ ಕೊಡುತ್ತಾರೆ; ಅಡುಗೆಯ ವಿಧಾನಗಳು ಮಾತ್ರ ಕಪ್ಪಿನಲ್ಲಿ ಹೇಳುತ್ತವೆ. ಈ ಎರಡು ಲೆಕ್ಕಗಳನ್ನು ಹೊಂದಿಸಲು ತಕ್ಕಡಿ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಕರಾರು. ಗ್ರಾಂ, ಔನ್ಸ್‌ಗಳ ಜೊತೆಗೆ ಇದರಲ್ಲಿ ಮಿಲಿಲೀಟರ್ ಆಯ್ಕೆಯೂ ಇದೆ. ತಕ್ಕಡಿ ಅರಿಯುವುದು ಭಾರವನ್ನೇ ಹೊರತು ಗಾತ್ರವನ್ನಲ್ಲವಾದ್ದರಿಂದ, ಅದು ಒಂದು ಗ್ರಾಮನ್ನು ಒಂದು ಮಿಲಿಲೀಟರ್ ಎಂದು ಎಣಿಸುತ್ತದೆ. ಈ ಲೆಕ್ಕ ನೀರಿಗೆ ಸರಿ. ಆದರೆ 240 ಮಿಲಿಲೀಟರ್ ಕಾಣುವವರೆಗೆ ಇಡೀ ಬಾದಾಮಿ ಸುರಿದರೆ, ಒಂದು ಕಪ್ಪಿನ ಬದಲು ಸುಮಾರು ಒಂದೂಮುಕ್ಕಾಲು ಕಪ್ ಬೀಳುತ್ತದೆ. ಬೀಜಗಳ ಮಟ್ಟಿಗೆ ಆ ಆಯ್ಕೆಯನ್ನು ಮುಟ್ಟದಿರುವುದೇ ಲೇಸು.

ನಿಜವಾದ ತೊಡಕು ಬೀಜದ ರೂಪದಲ್ಲಿದೆ. ಒಂದು ಕಪ್ ಇಡೀ ಬಾದಾಮಿ ಸುಮಾರು 140 ಗ್ರಾಂ ತೂಗಿದರೆ, ತೆಳ್ಳಗೆ ಸೀಳಿದ ಬಾದಾಮಿ 90 ಗ್ರಾಂ ಆಸುಪಾಸಿನಲ್ಲಿರುತ್ತದೆ, ಏಕೆಂದರೆ ಚೂರುಗಳ ನಡುವೆ ಗಾಳಿ ಹೆಚ್ಚು. ಅಕ್ರೋಟಿನದು ಇದಕ್ಕೆ ವಿರುದ್ಧ: ಅರ್ಧ ಹೋಳುಗಳಾದರೆ 100 ಗ್ರಾಂ, ಸಣ್ಣಗೆ ಹೆಚ್ಚಿದರೆ ಸಂದುಗಳು ತುಂಬಿಕೊಂಡು 120ರ ಹತ್ತಿರ. ಗೋಡಂಬಿಯಲ್ಲಂತೂ ದರ್ಜೆಗಳೇ ಬೇರೆಬೇರೆ. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಹೆಚ್ಚೆಂದರೆ 320 ಇಡೀ ಬೀಜಗಳು, ಡಬ್ಲ್ಯು 180 ಅದಕ್ಕಿಂತ ಬಹಳ ದಪ್ಪ. ಅಗ್ಗವೆಂದು ತರುವ ತುಂಡು ಗೋಡಂಬಿ ಕಪ್ಪಿನಲ್ಲಿ ಇನ್ನೊಂದು ಬಗೆಯಾಗಿ ಕೂರುತ್ತದೆ. ಸಾಲದ್ದಕ್ಕೆ ಕಪ್ಪೂ ಒಂದೇ ಅಲ್ಲ: ಅಮೆರಿಕದ್ದು ಸುಮಾರು 237 ಮಿಲಿಲೀಟರ್, ಮೆಟ್ರಿಕ್ ಕಪ್ 250.

ಆದ್ದರಿಂದ ಮೊಬೈಲಿನ ಪರಿವರ್ತನೆಯ ಪಟ್ಟಿಗಿಂತ ಸ್ವಂತ ಪಟ್ಟಿಯೇ ಮೇಲೆನ್ನುವುದು ನನ್ನ ಅಭಿಪ್ರಾಯ. ಖಾಲಿ ಕಪ್ಪನ್ನಿಟ್ಟು ಸೊನ್ನೆಗೆ ತಂದು, ಕುಟ್ಟದೆ, ಒತ್ತದೆ ಬೀಜ ತುಂಬಿ, ಬಂದ ಅಂಕಿಯನ್ನು ಬೀರುವಿನ ಬಾಗಿಲ ಒಳಗೆ ಬರೆದಿಟ್ಟರೆ ಮುಗಿಯಿತು. ನೆನೆಸುವುದಿದ್ದರೆ ಅದಕ್ಕೆ ಮೊದಲೇ ತೂಗಬೇಕು. ಬಾದಾಮಿ ಹಲ್ವದ ಸಕ್ಕರೆಯ ಲೆಕ್ಕ ತಪ್ಪುವುದು ಹೆಚ್ಚಾಗಿ ಅಲ್ಲಿಯೇ.

ತಕ್ಕಡಿಯ ನಿಖರತೆ ಇಂದಿಗೂ ಚೆನ್ನಾಗಿದೆ. ಹತ್ತು ರೂಪಾಯಿಯ ಹತ್ತು ನಾಣ್ಯಗಳನ್ನಿಟ್ಟರೆ 77 ಗ್ರಾಂ ಬರಬೇಕು, ಬರುತ್ತದೆ. ಪಿಸ್ತಾ ಚೂರುಗಳನ್ನು ಒಂದೊಂದಾಗಿ ಉದುರಿಸಿದರೆ ಮಾತ್ರ ಅದು ಗಮನಿಸುವುದಿಲ್ಲ. ಬಟ್ಟಲನ್ನು ಎತ್ತಿ ಮತ್ತೆ ಇಡಬೇಕಾಗುತ್ತದೆ. ಏಲಕ್ಕಿ, ಕೇಸರಿಗಳಿಗೆ ಇದು ಸಲ್ಲದು. ಕೊಳ್ಳುವವರು ತಟ್ಟೆಗಿಂತ ಮುಂದಕ್ಕೆ ಚಾಚಿದ ಅಂಕಿಪರದೆಯ ಮಾದರಿಯನ್ನು ಆರಿಸಿಕೊಳ್ಳಲಿ, ಏಕೆಂದರೆ ನಮ್ಮದರ ಮೇಲೆ ಅಗಲದ ಪಾತ್ರೆ ಇಟ್ಟರೆ ಅಂಕಿ ಕಾಣಲು ಬಗ್ಗಿ ನೋಡಬೇಕು.